ಕುದುರೆಲಾಯದ ಆಟ: ಆಟಗಾರರ ತೀರ್ಪಿನ ವಿಚಾರ

ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯು ಹುಟ್ಟಿದ ಕಾಲದಲ್ಲಿ ಕುದುರೆಯು ಕಣ್ಣಿಗೆ ಬೀಳುವುದು ಸುಲಭವಾಗಿದ್ದಿರಬೇಕು. ಈಗ ಕುದುರೆಯೇ ಅಪೂರ್ವವಾಗಿರುವುದರಿಂದ ಆ ನೋವೂ ಅಪೂರ್ವವಾಗಬೇಕಾಗಿತ್ತು. ಸಂಗತಿ ಹಾಗಿಲ್ಲ. ಯೂರೋಪು ಅಮೆರಿಕಾಗಳ ನಗರಗಳಲ್ಲಿ, ಮಹಡಿಯ ಮೇಲಿನ ಕಿರುಕೋಣೆಗಳಲ್ಲಿ ವಾಸಮಾಡುತ್ತ, ಒಮ್ಮೆಯೂ ಜೀನಿನ ಮೇಲೆ ಕುಳಿತರಿಯದ ಅಸಂಖ್ಯ ಜನರು ದಿನದ ದುಡಿಮೆ ಮುಗಿದ ಮೇಲೆ ಕಂಪ್ಯೂಟರಿನ ತೆರೆಯ ಮುಂದೆ ಕುಳಿತು, ಇಲ್ಲದ ಲಾಯವನ್ನು ಗುಡಿಸಿ, ಇಲ್ಲದ ಕುದುರೆಗೆ ಮಾಲೀಸು ಮಾಡಿ, ಅದು ಮೇವು ತಿಂದಿತೆಂದು ತಿಳಿದ ಮೇಲೆ ತೃಪ್ತರಾಗಿ ಮಲಗುತ್ತಾರೆ. ಇಂಥ ಕೃತಿಗಳಿಗೆ ನೆಮ್ಮದಿಯ ಆಟಗಳೆಂದು ಹೆಸರು ಬಂದಿದೆ. ಇವುಗಳಲ್ಲಿ ಶತ್ರುಸಂಹಾರವಿಲ್ಲ, ಗಡಿಬಿಡಿಯಿಲ್ಲ. ಹೊಲ, ಕೊಟ್ಟಿಗೆ, ನೆರೆಹೊರೆ, ಋತುಗಳ ತಿರುಗಾಟ ಇವೇ ವಸ್ತು. ಜಪಾನಿನ ಯಾಸುಹಿರೊ ವಾಡಾ ಎಂಬವರು 1996ರಲ್ಲಿ ಹೊರತಂದ ‘ಬೊಕುಜೋ ಮೊನೊಗತಾರಿ’ ಎಂಬ ಬೇಸಾಯದ ಆಟವು ಈ ಸಂತತಿಯ ಹಿರಿಯನೆನ್ನಬಹುದು. ಹಳ್ಳಿಗಾಡನ್ನು ಬಿಟ್ಟು ಟೋಕಿಯೊ ನಗರವನ್ನು ಸೇರಿದವನ ಹಂಬಲದಿಂದ ಅದು ಹುಟ್ಟಿತು. ಎರಿಕ್ ಬರೋನ್ ಎಂಬಾತನು ವರ್ಷಗಟ್ಟಲೆ ಒಬ್ಬನೇ ಕುಳಿತು ರಚಿಸಿ 2016ರಲ್ಲಿ ಪ್ರಕಟಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ಯು ಆ ಹಂಬಲವನ್ನು ಲೋಕಕ್ಕೆಲ್ಲ ಹಂಚಿತು.

ಆದರೆ ಈ ಎರಡನೆಯ ಆಟದಲ್ಲಿ ಕುದುರೆಯ ಪಾಡನ್ನು ನೋಡಬೇಕು. ಹತ್ತು ಸಾವಿರ ನಾಣ್ಯವನ್ನೂ ಒಂದಿಷ್ಟು ಗಟ್ಟಿಮರವನ್ನೂ ಕಬ್ಬಿಣವನ್ನೂ ತೆತ್ತು ಲಾಯವನ್ನು ಕಟ್ಟಿಸಿದರೆ ಅದರೊಡನೆ ಕುದುರೆಯೂ ಬಂದು ನಿಲ್ಲುತ್ತದೆ. ಅದಕ್ಕೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ಮುನಿಸೂ ಇಲ್ಲ. ಹಸುವಿಗೂ ಕೋಳಿಗೂ ಮೇವು ನೀಡದಿದ್ದರೆ ಅವು ಕೊರಗುವುವು. ಕುದುರೆಯು ಮಾತ್ರ ಕಾಲುಳ್ಳ ಬಂಡಿ. 2024ರಲ್ಲಿ ಆಟವನ್ನು ವಿಸ್ತರಿಸಿದಾಗ ಅದಕ್ಕೊಂದು ಗಜ್ಜರಿಯನ್ನು ತಿನ್ನಿಸುವ ಅವಕಾಶವು ಬಂದಿತು. ಅದೂ ಪ್ರೀತಿಗಲ್ಲ, ವೇಗಕ್ಕೆ. ಉಳಿದೆಲ್ಲ ವಿಷಯಗಳಲ್ಲಿ ಇಷ್ಟು ಮಾರ್ದವವುಳ್ಳ ಕೃತಿಯೇ ಕುದುರೆಯನ್ನು ಹೀಗೆ ಕಂಡಮೇಲೆ, ಕುದುರೆಗಾಗಿಯೇ ಒಂದು ಆಟವು ಬೇಕೆಂದು ಹಲವರು ಬಹುಕಾಲದಿಂದ ಬೇಡುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಬೇಡಿಕೆಗೆ ಬಂದ ಉತ್ತರಗಳಲ್ಲಿ ಹೆಚ್ಚು ಸದ್ದುಮಾಡಿದುದು 2023ನೆಯ ಇಸವಿ ಜುಲೈ 20ರಂದು ಹೊರಬಂದ ‘ಹಾರ್ಸ್ ರಾಂಚ್’ ಎಂಬುದು. ಇದು ಸ್ವತಂತ್ರ ಕೃತಿಯಲ್ಲ. ಅಮೆರಿಕಾದ ಮ್ಯಾಕ್ಸಿಸ್ ಎಂಬ ಕಾರ್ಯಾಲಯವು ರಚಿಸಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ‘ದ ಸಿಮ್ಸ್ 4’ ಎಂಬ ಸಂಸಾರದ ಆಟಕ್ಕೆ ಇದು ಅನುಬಂಧ. ಮೂಲದ ಆಟದಲ್ಲಿ ಆಟಗಾರನು ಪುಟ್ಟ ಮನುಷ್ಯರನ್ನು ಸೃಷ್ಟಿಸಿ, ಅವರಿಗೆ ಮನೆ ಕಟ್ಟಿಕೊಟ್ಟು, ಅವರ ಊಟ ನಿದ್ರೆ ಉದ್ಯೋಗ ವಿವಾಹಗಳನ್ನು ನಡಸುತ್ತಾನೆ. ಅನುಬಂಧವು ಅದಕ್ಕೆ ಚೆಸ್ಟ್‌ನಟ್ ರಿಜ್ ಎಂಬ ಒಣ ಬಯಲುಸೀಮೆಯ ಊರನ್ನೂ, ಕುದುರೆಗಳನ್ನೂ, ಹುಲ್ಲುಗಾವಲನ್ನೂ, ಹಣ್ಣುಗಳಿಂದ ಮಧುರಪಾನವನ್ನು ತಯಾರಿಸುವ ವಿದ್ಯೆಯನ್ನೂ ಕೂಡಿಸಿತು. ಇದೇ ವಂಶದ ಹಿಂದಿನ ಆಟದಲ್ಲಿ, ಎಂದರೆ ‘ದ ಸಿಮ್ಸ್ 3’ಕ್ಕೆ 2011ರಲ್ಲಿ ಬಂದ ಸಾಕುಪ್ರಾಣಿಗಳ ಅನುಬಂಧದಲ್ಲಿ, ಕುದುರೆಗಳು ಇದ್ದುವು. ಹೊಸ ಆಟವು ಹುಟ್ಟಿದಂದಿನಿಂದ ಸುಮಾರು ಒಂಬತ್ತು ವರ್ಷ ಕಾದಿದ್ದ ಜನರು ಈ ಕೃತಿಯನ್ನು ಹಿಂದಿನದರ ಪಕ್ಕದಲ್ಲಿಟ್ಟು ತೂಗಿದುದು ಸಹಜವೇ.

ಆ ತೂಕದಲ್ಲಿ ಮೊದಲು ಹೇಳತಕ್ಕದ್ದು ಮೆಚ್ಚಿಕೆಯನ್ನು. ಕುದುರೆಯನ್ನು ರೂಪಿಸುವ ಭಾಗವು ಬಹುಮಟ್ಟಿಗೆ ಎಲ್ಲರ ಹೊಗಳಿಕೆಯನ್ನೂ ಪಡೆಯಿತು. ತಳಿಯನ್ನಾರಿಸಿ, ಕೇಸರವನ್ನೂ ಬಾಲವನ್ನೂ ಗೊರಸನ್ನೂ ಬೇಕಾದಂತೆ ತಿದ್ದಿ, ಕುಂಚವನ್ನು ಹಿಡಿದು ಮೈಯ ಮೇಲೆ ಮಚ್ಚೆಗಳನ್ನು ಬರೆಯಬಹುದು. ಅದಕ್ಕೆ ಸ್ವಭಾವವನ್ನೂ ಕೊಡಬಹುದು: ಒಂದು ಧೀರ, ಒಂದು ಅಂಜುಬುರುಕ, ಇನ್ನೊಂದು ಹಟಮಾರಿ. ಹಿಂದೊಮ್ಮೆ ತಮ್ಮ ಬಳಿಯಿದ್ದು ತೀರಿಹೋದ ಕುದುರೆಯ ಹಣೆಯ ಬಿಳಿಯ ಬೊಟ್ಟನ್ನು ನೆನಪಿನಿಂದ ಬರೆದು ಕೂಡಿಸುವವರಿಗೆ ಈ ಕುಂಚವು ಆಟಿಕೆಯಲ್ಲ. ವಿಮರ್ಶಕರೆನಿಸಿಕೊಂಡವರು ಗಂಟೆಯ ಲೆಕ್ಕದಲ್ಲಿ ಆಡಿ ಅಂಕ ಕೊಡುವಾಗ ಇಂಥದನ್ನು ಎಣಿಸುವುದಿಲ್ಲ.

ಕುದುರೆಯ ನಡೆಯ ವಿಷಯದಲ್ಲಿ ಆಟಗಾರರು ತೋರುವ ನಿಷ್ಠುರತೆಯು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಹಿಂಗಾಲಿನ ಕೀಲು ತಪ್ಪು ಎಡೆಯಲ್ಲಿ ಬಾಗಿತು, ಕುಕ್ಕಲೋಟದಲ್ಲಿ ಕಾಲುಗಳು ಕರ್ಣರೇಖೆಯಲ್ಲಿ ಜೋಡಿಯಾಗಿ ಬೀಳಲಿಲ್ಲ, ಓಟದ ತಾಳ ಕೆಟ್ಟಿತು ಎಂದು ಅವರು ಪುಟಗಟ್ಟಲೆ ಬರೆಯುತ್ತಾರೆ. ಆಟದ ಕುದುರೆಗೆ ಇಷ್ಟು ಶಾಸ್ತ್ರವೇಕೆಂದು ಕೇಳುವವರುಂಟು. ಕೇಳುವವರು ಚಿತ್ರಕಲೆಯ ಇತಿಹಾಸವನ್ನು ಮರೆತಿದ್ದಾರೆ. ಶತಮಾನಗಳ ಕಾಲ ಮಹಾಚಿತ್ರಕಾರರೇ ಓಡುವ ಕುದುರೆಯನ್ನು ಮುಂಗಾಲೆರಡು ಮುಂದಕ್ಕೂ ಹಿಂಗಾಲೆರಡು ಹಿಂದಕ್ಕೂ ಚಾಚಿಕೊಂಡು ಗಾಳಿಯಲ್ಲಿ ತೇಲುವಂತೆ ಬರೆದರು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಜೆರಿಕೊನ 1821ರ ಎಪ್ಸಮ್ ಪಂದ್ಯದ ಚಿತ್ರವು ಹಾಗೆಯೇ ಇದೆ. 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬವನು ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ, ಲೀಲ್ಯಾಂಡ್ ಸ್ಟ್ಯಾನ್‌ಫರ್ಡನ ಕುದುರೆಗಳ ಓಟದ ದಾರಿಯ ಪಕ್ಕದಲ್ಲಿ ಛಾಯಾಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳಿಂದ ಸತ್ಯವು ಹೊರಬಿತ್ತು. ನಾಲ್ಕು ಗೊರಸುಗಳೂ ನೆಲವನ್ನು ಬಿಡುವ ಕ್ಷಣವೊಂದು ನಿಜವಾಗಿಯೂ ಉಂಟು. ಆದರೆ ಅದು ಕಾಲುಗಳು ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮುದುರಿಕೊಂಡಾಗ. ಕನ್ನಡದ ನಾಗಾಲೋಟವೆಂಬ ಮಾತು ನಾಲ್ಕು ಕಾಲನ್ನು ಎಣಿಸಿಟ್ಟಿತೇ ಹೊರತು ಅವು ಬೀಳುವ ಕ್ರಮವನ್ನು ಹೇಳಲಿಲ್ಲ. ಬರಿಗಣ್ಣಿಗೆ ಅಷ್ಟೇ ಸಾಧ್ಯ.

ಅಂದಮೇಲೆ ನಡೆಯ ಜ್ಞಾನವು ಪಾಂಡಿತ್ಯಪ್ರದರ್ಶನವಲ್ಲ, ಕುದುರೆಯ ಗುರುತು. ಹೆಜ್ಜೆನಡೆಗೆ ನಾಲ್ಕು ಪೆಟ್ಟು, ಕುಕ್ಕಲೋಟಕ್ಕೆ ಎರಡು, ಅದರ ಮುಂದಿನ ಕ್ಯಾಂಟರ್ ಎಂಬ ಓಟಕ್ಕೆ ಮೂರು, ನಾಗಾಲೋಟಕ್ಕೆ ಮತ್ತೆ ನಾಲ್ಕು. ಸವಾರನು ಇದನ್ನು ಕಣ್ಣಿನಿಂದ ತಿಳಿಯುವುದಿಲ್ಲ, ಬೆನ್ನೆಲುಬಿನಿಂದ ತಿಳಿಯುತ್ತಾನೆ. ಹಿಂಗಾಲಿನ ನಡುವೆ ಹಿಂದಕ್ಕೆ ಮಡಿಸಿದಂತೆ ಕಾಣುವ ಕೀಲು ಮೊಣಕಾಲೆಂದು ಭ್ರಮಿಸಿದ ಚಿತ್ರಕಾರನು ನಿಜವಾಗಿ ಮನುಷ್ಯನ ಹಿಮ್ಮಡಿಗೆ ಸಮನಾದುದನ್ನು ಮೊಣಕಾಲೆಂದು ಬರೆಯುತ್ತಾನೆ. ಆಗ ಇಡಿಯ ಮೃಗವೇ ಕುದುರೆಯ ಚರ್ಮವನ್ನು ಹೊದ್ದ ಬೇರೊಂದು ಪ್ರಾಣಿಯಾಗುತ್ತದೆ. ತಾಳ ತಪ್ಪಿದ ಹಾಡನ್ನು ಕೇಳಿ ಸುಮ್ಮನಿರೆಂದು ಸಂಗೀತಗಾರನಿಗೆ ಹೇಳಬಹುದಾದರೆ ಈ ಆಟಗಾರರಿಗೂ ಸುಮ್ಮನಿರಿ ಎನ್ನಬಹುದು. ‘ಹಾರ್ಸ್ ರಾಂಚ್’ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಮರ್ಯಾದೆಯಿಂದ ಪಾರಾಯಿತು. ಅದರ ಕುದುರೆಯು ಸ್ವಲ್ಪ ವ್ಯಂಗ್ಯಚಿತ್ರದ ಛಾಯೆಯುಳ್ಳದ್ದಾದರೂ ಕುದುರೆಯೇ ಹೌದು.

ಇನ್ನು ದೂಷಣೆಗಳು. ಅವುಗಳಲ್ಲಿ ಮುಖ್ಯವಾದುದು ಪಂದ್ಯಗಳ ವಿಷಯ. ಈ ಆಟದಲ್ಲಿ ಕುದುರೆಗೆ ನಾಲ್ಕು ಬಗೆಯ ಶಿಕ್ಷಣವುಂಟು: ಚುರುಕು, ತಾಳಿಕೆ, ನೆಗೆತ, ನಯಸ್ವಭಾವ. ಸವಾರನಿಗೂ ಪ್ರತ್ಯೇಕವಾಗಿ ಸವಾರಿಯ ವಿದ್ಯೆಯುಂಟು. ಆಟಗಾರನು ಹಲವು ಸಂಜೆಗಳನ್ನು ವ್ಯಯಮಾಡಿ, ಪೀಪಾಯಿಗಳನ್ನು ಸುತ್ತಿಸಿ, ಬೇಲಿಗಳನ್ನು ಹಾರಿಸಿ, ಬಿದ್ದು ಎದ್ದು, ಕುದುರೆಯನ್ನು ಪಳಗಿಸುತ್ತಾನೆ. ಪಂದ್ಯದ ದಿನವು ಬರುತ್ತದೆ. ಸವಾರನೂ ಕುದುರೆಯೂ ಹೊರಡುತ್ತಾರೆ, ಮತ್ತು ಕಣ್ಮರೆಯಾಗುತ್ತಾರೆ! ಪಂದ್ಯವು ತೆರೆಯ ಮೇಲೆ ನಡೆಯುವುದಿಲ್ಲ. ಕೆಲವು ಹೊತ್ತಿನ ಮೇಲೆ ಫಲಿತಾಂಶವೊಂದು ಅಕ್ಷರರೂಪದಲ್ಲಿ ಬಂದು, ಇಂಥ ಸ್ಥಾನವು ದೊರೆಯಿತೆಂದು ತಿಳಿಸುತ್ತದೆ. ಆಟಗಾರರ ಬೇಸರವು ಇಲ್ಲಿ ಉಕ್ಕಿ ಹರಿದಿದೆ.

ಕೃತಿಯ ಪರವಾಗಿ ವಾದಿಸುವವರು ಈ ಸಂಸಾರದ ಆಟದಲ್ಲಿ ಕಚೇರಿ, ಶಾಲೆ ಮುಂತಾದುವೂ ಎಷ್ಟೋ ವೇಳೆ ಹೀಗೆಯೇ ಕಣ್ಮರೆಯಲ್ಲಿ ನಡೆಯುವುವೆಂದು ಹೇಳಬಹುದು. ಅದು ನಿಜ. ಸಂಸ್ಕೃತ ನಾಟಕವೂ ಯುದ್ಧವನ್ನೂ ಮರಣವನ್ನೂ ಅಂಕದಲ್ಲಿ ತೋರಿಸಬಾರದೆಂದು ನಿಯಮ ಮಾಡಿತ್ತಷ್ಟೆ. ಆದರೆ ಅಲ್ಲಿ ತೋರಿಸದುದನ್ನು ಹೇಳುವವರಿದ್ದರು. ಪ್ರವೇಶಕದಲ್ಲೋ ವಿಷ್ಕಂಭಕದಲ್ಲೋ ಯಾರೋ ಬಂದು ನಡೆದುದನ್ನು ಆಡಿಕೊಳ್ಳುವರು. ಪ್ರೇಕ್ಷಕನ ಕಿವಿಯಲ್ಲಿ ಯುದ್ಧವು ನಡೆಯುವುದು. ಮರೆಯೂ ಒಂದು ಕಲೆಯಾಗಬಲ್ಲುದು. ಇಲ್ಲಿ ಮರೆಯಿದೆ, ವರದಿಯ ರಸವಿಲ್ಲ. ಕುದುರೆಯು ಮೂರನೆಯ ಬೇಲಿಯಲ್ಲಿ ಹಿಂಜರಿಯಿತೆ, ಅಂಜುಬುರುಕ ಸ್ವಭಾವವು ಜನರ ಗದ್ದಲದಲ್ಲಿ ತಲೆಯೆತ್ತಿತೆ, ಕಲಿಸಿದ ಪಾಠವು ಎಲ್ಲಿ ನೆರವಾಯಿತು ಎಂಬ ಯಾವ ಮಾತೂ ಇಲ್ಲ. ಸ್ವಭಾವವನ್ನು ಅಷ್ಟು ಜಾಣ್ಮೆಯಿಂದ ಕೊಟ್ಟ ಕೃತಿಯೇ ಆ ಸ್ವಭಾವವು ಪರೀಕ್ಷೆಗೆ ಒಳಗಾಗುವ ಒಂದೇ ಸ್ಥಳದಲ್ಲಿ ಪರದೆಯನ್ನೆಳೆದುಬಿಟ್ಟಿತು. ಈ ಆಕ್ಷೇಪಣೆಗೆ ಸಮಾಧಾನವಿಲ್ಲ. ಆಟಗಾರರ ಪಕ್ಷವೇ ಸರಿ.

ಎರಡನೆಯ ದೂರು ಅಷ್ಟು ಸರಳವಲ್ಲ. 2011ರ ಆಟದಲ್ಲಿ ಆಟಗಾರನು ಕುದುರೆಯನ್ನೇ ಮನುಷ್ಯನಂತೆ ಆಳಬಹುದಾಗಿತ್ತು: ಇಲ್ಲಿ ನಿಲ್ಲು, ಅಲ್ಲಿ ಮೇಯು, ಇತ್ತ ಬಾ. ಹೊಸದರಲ್ಲಿ ಅದು ಸಾಧ್ಯವಿಲ್ಲ. ಮನುಷ್ಯನ ಮೂಲಕವೇ ಕುದುರೆಯನ್ನು ಮುಟ್ಟಬೇಕು. ಒಂದು ಗುಂಪು ಇದನ್ನು ಕೈಕಟ್ಟಿದಂತಾಯಿತೆಂದು ದೂರಿತು. ಇನ್ನೊಂದು, ಪ್ರಾಣಿಯು ಪ್ರಾಣಿಯಾಗಿಯೇ ಉಳಿಯಿತೆಂದು ಸಂತೋಷಪಟ್ಟಿತು. ಎರಡನೆಯವರ ಮಾತಿನಲ್ಲಿ ತಿರುಳು ಹೆಚ್ಚು. ಜಪಾನಿನ ಫುಮಿತೊ ಉಎಡಾ 2005ರಲ್ಲಿ ನಿರ್ಮಿಸಿದ ‘ಶ್ಯಾಡೊ ಆಫ್ ದ ಕೊಲೋಸಸ್’ ಎಂಬ ಆಟದ ಆಗ್ರೊ ಎಂಬ ಕುದುರೆಯು ಹೇಳಿದೊಡನೆ ತಿರುಗುವುದಿಲ್ಲ. ತನ್ನ ದಾರಿಯನ್ನು ತಾನೂ ಸ್ವಲ್ಪ ನೋಡಿಕೊಳ್ಳುತ್ತದೆ. ಮೊದಲು ಅದನ್ನು ಬೈದ ಆಟಗಾರರೇ ಕೊನೆಗೆ ಅದನ್ನು ಒಡನಾಡಿಯೆಂದು ನೆನೆದರು. ಲಗಾಮು ಎಂಬುದು ಮಾತುಕತೆಯೇ ಹೊರತು ಯಂತ್ರದ ಹಿಡಿಯಲ್ಲವೆಂಬುದು ಕುದುರೆ ಸಾಕಿದವರಿಗೆಲ್ಲ ತಿಳಿದ ವಿಷಯ.

ಹಾಗಾದರೆ ಮೊದಲನೆಯ ಗುಂಪು ಹುರುಳಿಲ್ಲದೆ ಕೂಗಿತೆ? ಇಲ್ಲ. ಅವರು ಕಾಯಿಲೆಯನ್ನು ಸರಿಯಾಗಿ ಕಂಡರು, ಹೆಸರನ್ನು ತಪ್ಪಾಗಿ ಇಟ್ಟರು. ಕುದುರೆಯು ಆಜ್ಞೆಯನ್ನು ಮೀರಿದಾಗ ಅದು ಹಟದಿಂದಲೋ, ಭಯದಿಂದಲೋ, ಯಂತ್ರದ ಜಡತೆಯಿಂದಲೋ ಎಂದು ನೋಡುವವನಿಗೆ ತಿಳಿಯಬೇಕು. ಕಿವಿ ಹಿಂದಕ್ಕೆ ಮಲಗಿದರೆ ಸಿಟ್ಟು. ಮುಂದಕ್ಕೆ ನೆಟ್ಟರೆ ಕುತೂಹಲ. ಬಾಲದ ಬೀಸಿಗೆ ಒಂದರ್ಥ, ಕಣ್ಣಿನ ಬಿಳುಪಿಗೆ ಒಂದರ್ಥ. ಈ ಭಾಷೆಯು ಸ್ಪಷ್ಟವಾಗಿದ್ದರೆ ಅವಿಧೇಯತೆಯೂ ಚರಿತ್ರವಾಗುತ್ತದೆ. ಅದು ಮಸುಕಾದರೆ ಸ್ವಾತಂತ್ರ್ಯಕ್ಕೂ ನಿರ್ಲಕ್ಷ್ಯಕ್ಕೂ ಭೇದವೇ ಉಳಿಯುವುದಿಲ್ಲ. ಈ ಆಟದಲ್ಲಿ ಮಸುಕು ಆಗಾಗ ಕವಿಯುತ್ತದೆ.

ಮಿಕ್ಕ ದೂರುಗಳನ್ನು ಬೇಗ ದಾಟಬಹುದು. ಆಡು ಕುರಿಗಳು ಗಿಡ್ಡ ಜಾತಿಯವು ಮಾತ್ರ, ರಾಂಚ್ ಎಂದು ಹೆಸರಿಟ್ಟು ದನವಿಲ್ಲವೆಂಬುದೊಂದು. ದನ ಬೇಕಾದವರು 2021ರ ಬೇರೊಂದು ಅನುಬಂಧವನ್ನು ಬೇರೆ ಬೆಲೆ ಕೊಟ್ಟು ಕೊಳ್ಳಬೇಕು. ಹಿಂದಿನ ಆಟದಲ್ಲಿ ಊರಿನ ತುದಿಯಿಂದ ತುದಿಗೆ ತಡೆಯಿಲ್ಲದೆ ಸವಾರಿ ಹೋಗಬಹುದಾಗಿತ್ತು, ಇದರಲ್ಲಿ ಒಂದು ನಿವೇಶನದ ಒಳಹೊಕ್ಕಾಗಲೆಲ್ಲ ತೆರೆಯು ಕಾಯಿಸುತ್ತದೆ ಎಂಬುದು ಇನ್ನೊಂದು. ಮೂಲದ ಆಟವನ್ನು 2022ರಲ್ಲಿ ಉಚಿತ ಮಾಡಿ ಅನುಬಂಧಕ್ಕೆ ಸುಮಾರು ನಲವತ್ತು ಡಾಲರ್ ಕೇಳುವ ವ್ಯಾಪಾರನೀತಿಯನ್ನು ಕುರಿತದ್ದು ಮತ್ತೊಂದು. ಇದು ನ್ಯಾಯವಾದುದೇ ಆದರೂ ಕಲಾವಿಚಾರಕ್ಕೆ ಸೇರಿದುದಲ್ಲ.

ನೆಮ್ಮದಿ ಎಂಬ ಮಾತಿನ ಸುತ್ತ ನಡೆದ ವಾದವು ಮಾತ್ರ ಆಳವಾದುದು. ನಿಜವಾದ ಕುದುರೆಯು ನೆಮ್ಮದಿಯ ಪ್ರಾಣಿಯಲ್ಲ. ಅದು ದಿನಕ್ಕೆ ಇಪ್ಪತ್ತು ಮೂವತ್ತು ಲೀಟರ್ ನೀರು ಕುಡಿಯುತ್ತದೆ. ಆರೆಂಟು ವಾರಕ್ಕೊಮ್ಮೆ ಗೊರಸನ್ನು ಹೆರೆಯಿಸಬೇಕು. ಹನ್ನೊಂದು ತಿಂಗಳು ಗರ್ಭವನ್ನು ಧರಿಸುತ್ತದೆ. ವಾಂತಿಮಾಡಲಾರದ ಪ್ರಾಣಿಯಾದುದರಿಂದ ಹೊಟ್ಟೆಶೂಲೆಯೊಂದು ಬಂದರೆ ಒಂದು ರಾತ್ರಿಯಲ್ಲಿ ಸಾಯಬಹುದು. ಚೆನ್ನಾಗಿ ಬಾಳಿದರೆ ಇಪ್ಪತ್ತೈದು ಮೂವತ್ತು ವರ್ಷ. ಇಷ್ಟನ್ನೂ ಆಟದೊಳಕ್ಕೆ ತನ್ನಿರೆಂದು ಕೇಳುವವರು ಕೆಲವರು. ದಿನವೆಲ್ಲ ದುಡಿದು ಬಂದವರಿಗೆ ರಾತ್ರಿ ಶೂಲೆಯ ಕುದುರೆಯನ್ನು ಕಾಯುವ ಕೆಲಸವೇಕೆಂದು ಕೇಳುವವರು ಕೆಲವರು. ‘ಹಾರ್ಸ್ ರಾಂಚ್’ ನಡುದಾರಿಯನ್ನು ಹಿಡಿದಿದೆ. ಮರಿ, ಪ್ರಾಯ, ಮುಪ್ಪು ಎಂಬ ಮೂರು ಅವಸ್ಥೆಗಳಿವೆ. ಮುಪ್ಪಿನ ಕೊನೆಯಲ್ಲಿ ಸಾವೂ ಇದೆ. ಕಾಲವನ್ನೇ ತಡೆದು ನಿಲ್ಲಿಸುವ ಅನುಕೂಲವೂ ಇದೆ. ನಿಲ್ಲಿಸಿದವರು ಎಷ್ಟು ಮಂದಿಯೋ! ಇದಕ್ಕೆ ವಿರುದ್ಧವಾಗಿ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ದರೋಡೆಗಾರರ ಕಥೆಯಲ್ಲಿ, ಅದರಲ್ಲಿ ನೆಮ್ಮದಿಯ ಹೆಸರೇ ಇಲ್ಲ, ಕುದುರೆಯೊಡನೆ ಸ್ನೇಹವು ಹಂತಹಂತವಾಗಿ ಬೆಳೆಯುತ್ತದೆ. ಗುಂಡುತಗಲಿ ಬಿದ್ದಾಗ ಔಷಧವು ಕೈಯಲ್ಲಿಲ್ಲದಿದ್ದರೆ ಅದು ಸತ್ತೇಹೋಗುತ್ತದೆ, ಮರಳಿ ಬರುವುದಿಲ್ಲ. ಕುದುರೆಪ್ರಿಯರು ತಮ್ಮ ಹೆಸರಿನಲ್ಲಿ ಬಂದ ಎಷ್ಟೋ ಆಟಗಳಿಗಿಂತ ಈ ಕೊಲೆಗಾರರ ಆಟದ ಕುದುರೆಯನ್ನೇ ಮೇಲೆಂದು ಎಣಿಸಿದರೆಂಬುದು ನೆಮ್ಮದಿಯ ಪಕ್ಷದವರು ಯೋಚಿಸತಕ್ಕ ವಿಷಯ. ಕಳೆದುಕೊಳ್ಳಲಾಗದುದನ್ನು ಕಾಪಾಡುವುದು ಹೇಗೆ?

ಈ ತೀರ್ಪುಗಳನ್ನು ಹಗುರವಾಗಿ ಕಾಣುವ ರೂಢಿಯೊಂದು ಬೆಳೆದುಬಂದಿದೆ. ಕುದುರೆಯ ಆಟವೆಂದರೆ ಹುಡುಗಿಯರ ಆಟ, ಹುಡುಗಿಯರ ಆಟವೆಂದರೆ ಅಗ್ಗದ ಆಟ ಎಂಬ ಎಣಿಕೆಯಿಂದ ಪ್ರಕಾಶಕರು ಬಹುಕಾಲ ಅರೆಬೆಂದ ಕೃತಿಗಳನ್ನು ಗುಲಾಬಿ ಬಣ್ಣದ ಹೊದಿಕೆಯಲ್ಲಿ ಮಾರಿದರು. ಅವು ಹೋಗದಿದ್ದಾಗ ಕುದುರೆಯ ಆಟಕ್ಕೆ ಗಿರಾಕಿಗಳಿಲ್ಲವೆಂದು ಹೇಳಿದರು! ಆಲಿಸ್ ರುಪರ್ಟ್ ಎಂಬ ವಿಮರ್ಶಕಿಯು 2018ರಿಂದ ‘ದ ಮೇನ್ ಕ್ವೆಸ್ಟ್’ ಎಂಬ ಹೆಸರಿನಲ್ಲಿ ಈ ಒಂದೇ ವಿಷಯವನ್ನು ಹಿಡಿದು ಬರೆಯುತ್ತ, ಕುದುರೆಯ ಅಂಗರಚನೆ, ನಡೆ, ಸ್ವಭಾವ, ಸಾಕಣೆಗಳನ್ನು ಆಟದ ರಚನೆಯೊಡನೆ ಕೂಡಿಸಿ ಪರೀಕ್ಷಿಸಿದುದರಿಂದ ಈ ಮಾತುಗಳಿಗೆ ಒಂದು ಶಾಸ್ತ್ರದ ಕಟ್ಟು ಬಂದಿತು. ಹಿಂದೆ ಗೊಣಗಾಟವೆನಿಸಿದುದು ಈಗ ವಿಮರ್ಶೆ. ಸಾಮಾನ್ಯ ಆಟಗಾರರ ಅಭಿಪ್ರಾಯಗಳಲ್ಲಿ ಕೂಡ ಈಗ ಕಾಣುವ ಖಚಿತತೆಯು ಮೆಚ್ಚತಕ್ಕದ್ದು. ಸಂತಾನದ ಬಣ್ಣವನ್ನು ಕುರಿತ ಚರ್ಚೆಯನ್ನೇ ನೋಡಬಹುದು. ಕೆಂಗಂದು ಬಣ್ಣದ ಕುದುರೆಗಳೆರಡು ಕೂಡಿದರೆ ಹುಟ್ಟುವ ಮರಿಗೆ ಕಪ್ಪು ಬಣ್ಣವು ಬರಲಾರದು. ಕಪ್ಪನ್ನು ಉಂಟುಮಾಡುವ ವಂಶಬೀಜವು ಎರಡರಲ್ಲಿಯೂ ಇಲ್ಲ. ಇದನ್ನು ತಪ್ಪಿದ ಆಟಗಳನ್ನು ಹದಿಹರೆಯದವರೂ ತಿದ್ದುತ್ತಾರೆ. ‘ಹಾರ್ಸ್ ರಿಯಾಲಿಟಿ’ ಎಂಬ ತಳಿಸಾಕಣೆಯ ಆಟವು ಈ ವಂಶಶಾಸ್ತ್ರವನ್ನೇ ತಳಹದಿಯಾಗಿ ಮಾಡಿಕೊಂಡಿದೆ. ಹಣವಿಲ್ಲದೆ, ಜಾಗವಿಲ್ಲದೆ, ಕುದುರೆಯನ್ನು ಎಂದಿಗೂ ಸಾಕಲಾರದ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಆ ಪ್ರಾಣಿಯನ್ನು ಇಷ್ಟು ಶ್ರದ್ಧೆಯಿಂದ ತಿಳಿದುಕೊಂಡಿರುವಾಗ, ಅವಳಿಗೆ ಕೊಟ್ಟ ಬೊಂಬೆಯು ಸುಳ್ಳೆಂದು ಅವಳು ಹೇಳಿದರೆ ನಗುವುದು ಸಲ್ಲದು.

‘ಹಾರ್ಸ್ ರಾಂಚ್’ ಬಂದ ವರ್ಷದಲ್ಲಿಯೇ, 2023ರಲ್ಲಿ, ‘ದ ರಾಂಚ್ ಆಫ್ ರಿವರ್‌ಶೈನ್’ ಎಂಬ ಇನ್ನೊಂದು ಆಟವು ಪೂರ್ಣವಾಗುವ ಮುನ್ನವೇ ಜನರ ಕೈಗೆ ಬಂದಿತು. ಇದು ಕೋಜಿ ಬೀ ಗೇಮ್ಸ್ ಎಂಬ ಪುಟ್ಟ ಕಾರ್ಯಾಲಯದ ಕೃತಿ. ಹಾಳುಬಿದ್ದ ಲಾಯವನ್ನು ಎತ್ತಿಹಿಡಿಯುವುದು, ಹರಾಜಿನಲ್ಲಿ ಕುದುರೆ ಕೊಳ್ಳುವುದು, ಮರಿಗಳನ್ನು ಬೆಳಸುವುದು, ಊರವರ ಸ್ನೇಹ ಗಳಿಸುವುದು ಇವೇ ಇದರ ವಸ್ತು. ಚಿತ್ರಗಳು ಸಾದಾ, ಸಂಪತ್ತಿನಲ್ಲಿ ದೊಡ್ಡ ಸಂಸ್ಥೆಯ ಕೃತಿಗೆ ಸಮನಲ್ಲ. ದಿನದ ಕೆಲಸವು ಮತ್ತೆ ಮತ್ತೆ ಒಂದೇ ಬಗೆಯಾಗುತ್ತದೆಂದು ಹೇಳಿದರೆ ಅದು ತಪ್ಪಾಗಲಾರದು. ಲಾಯದ ಕೆಲಸವು ಎಲ್ಲಿಯಾದರೂ ಬೇರೆ ಬಗೆಯಾಗಿದ್ದೀತೆ ಎಂದು ಉತ್ತರ ಕೊಡುವವರ ಮಾತೂ ತಪ್ಪಾಗಲಾರದು. ಆದರೆ ಪಂದ್ಯದ ದಿನ ಇದರಲ್ಲಿ ಪರದೆ ಬೀಳುವುದಿಲ್ಲ. ಕಾಡುದಾರಿಯ ಉದ್ದಕ್ಕೂ ಲಗಾಮು ಆಟಗಾರನ ಕೈಯಲ್ಲಿಯೇ ಇರುತ್ತದೆ. ಮರದ ದಿಮ್ಮಿಯು ಎದುರಿಗೆ ಬರುತ್ತದೆ. ನೆಗೆಯಬೇಕಾದ ಕ್ಷಣವನ್ನು ಅವನೇ ಆರಿಸಬೇಕು, ತಪ್ಪಿದರೆ ತಪ್ಪು ಅವನದೇ.